ಪ್ರತಿಕ್ರಿಯೆ: ಪೈಥಾನ್ ಸ್ಕ್ರಿಪ್ಟಿನ ಔಟ್‌ಪುಟ್ ತಡವಾಗಿ ಬರುವುದು ಮತ್ತು ವಿಂಡೋ ಸ್ತಬ್ಧವಾಗುವುದು
ನಿಮ್ಮ ಸಿ ಶಾರ್ಪ್ ಅಪ್ಲಿಕೇಶನ್‌ನಿಂದ ಪೈಥಾನ್ ಸ್ಕ್ರಿಪ್ಟ್ ಓಡಿಸಿದಾಗ ಔಟ್‌ಪುಟ್ ಸಾಲುಸಾಲಾಗಿ ಬಾರದೆ ಕೊನೆಗೆ ಒಮ್ಮೆಲೇ ಬರುತ್ತದೆ, ಕೆಲವೊಮ್ಮೆ ವಿಂಡೋ ಸ್ತಬ್ಧವಾಗುತ್ತದೆ ಎಂದು ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಇವು ಎರಡು ಬೇರೆ ಸಮಸ್ಯೆಗಳು. ಔಟ್‌ಪುಟ್ ಪೈಪ್‌ಗೆ (ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಸಾಗುವ ದಾರಿ) ಹೋಗುವಾಗ ಪೈಥಾನ್ ಬಫರ್ (ತಾತ್ಕಾಲಿಕ ಸಂಗ್ರಹ) ತುಂಬುವವರೆಗೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ಕ್ರಿಪ್ಟಿನ ಹೆಸರಿಗೆ ಮೊದಲು ‘-ಯು’ (-u, ಅಂದರೆ ಬಫರ್‌ನಲ್ಲಿ ಹಿಡಿದಿಡಬೇಡ) ಆಯ್ಕೆ ಕೊಟ್ಟರೆ ಇದು ಬಗೆಹರಿಯುತ್ತದೆ. ಸ್ತಬ್ಧವಾಗುವುದು ಇದಕ್ಕಿಂತ ಗಂಭೀರ: ನೀವು ಸ್ಟ್ಯಾಂಡರ್ಡ್ ಔಟ್‌ಪುಟ್ಟನ್ನು ಪೂರ್ತಿ ಓದಿದ ಮೇಲಷ್ಟೇ ಸ್ಟ್ಯಾಂಡರ್ಡ್ ಎರರ್ (ದೋಷ ಸಂದೇಶಗಳು ಬರುವ ಬೇರೆ ಪೈಪ್) ಓದುತ್ತಿರುವುದರಿಂದ, ಅಷ್ಟರಲ್ಲಿ ಎರರ್ ಪೈಪ್ ತುಂಬಿದರೆ ಸ್ಕ್ರಿಪ್ಟ್ ಮುಂದೆ ಬರೆಯಲಾಗದೆ ನಿಲ್ಲುತ್ತದೆ, ಅಪ್ಲಿಕೇಶನ್ ಮಾತ್ರ ಅದು ಮುಗಿಯಲೆಂದು ಕಾಯುತ್ತಲೇ ಇರುತ್ತದೆ. ಆದ್ದರಿಂದ ‘ಬಿಗಿನ್‌ಔಟ್‌ಪುಟ್‌ರೀಡ್‌ಲೈನ್’, ‘ಬಿಗಿನ್‌ಎರರ್‌ರೀಡ್‌ಲೈನ್’ ಎರಡನ್ನೂ ಬಳಸಿ; ಆಗ ಎರಡೂ ಪೈಪ್‌ಗಳನ್ನು ಹಿನ್ನೆಲೆಯಲ್ಲಿ ಒಟ್ಟಿಗೇ ಓದಲಾಗುತ್ತದೆ. ಸಾಲುಗಳು ಬೇರೆ ಥ್ರೆಡ್‌ನಲ್ಲಿ (ಪ್ರೋಗ್ರಾಂನೊಳಗೆ ಸಮಾನಾಂತರವಾಗಿ ನಡೆಯುವ ಕೆಲಸದ ಸರಣಿ) ಬರುವುದರಿಂದ ಟೆಕ್ಸ್ಟ್‌ಬಾಕ್ಸ್‌ಗೆ, ಕೆಲಸವನ್ನು ವಿಂಡೋದ ಥ್ರೆಡ್‌ಗೆ ಒಪ್ಪಿಸುವ ‘ಇನ್‌ವೋಕ್’ ಮೂಲಕವೇ ಸೇರಿಸಬೇಕು; ಆದರೆ ವಿಂಡೋ ನಡೆಸುವ ಯುಐ ಥ್ರೆಡ್‌ನಲ್ಲಿ, ಸ್ಕ್ರಿಪ್ಟ್ ಮುಗಿಯುವವರೆಗೆ ಕಾಯುವ ‘ವೇಟ್‌ಫಾರ್‌ಎಕ್ಸಿಟ್’ ಕರೆದು ಕೂತರೆ ವಿಂಡೋ ಮತ್ತೆ ಸ್ತಬ್ಧವಾಗುತ್ತದೆ.