ಹಾಲಿನ ಲೆಕ್ಕದ ಕೆಳಗೆ ಕೆಂಪು ಶಾಯಿ

ತೂಕ ಇಳಿಸಲು ಸಲಹೆ ಕೇಳಿ ನನ್ನ ಬಳಿ ಬಂದ ಮೊದಲ ಭೇಟಿಗೆ ಅವರು ಗೋಡೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದರು. ಪ್ರತಿ ತಾರೀಖಿನ ಚೌಕದಲ್ಲಿ ನೀಲಿ ಶಾಯಿಯಲ್ಲಿ ಹಾಲಿನ ಲೆಕ್ಕ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ತೂಕ. 72.4. 71.8. 73.1. ಕೆಲವು ಚೌಕಗಳಲ್ಲಿ ದಿನಕ್ಕೆ ಮೂರು ಅಂಕಿ.

ಶಾರದಾ ಎಂದು ಕರೆಯೋಣ. ಹೆಸರು, ಗುರುತು ಸಿಗುವ ವಿವರಗಳು ಬದಲಾಗಿವೆ. ವಯಸ್ಸು 51, ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಮುಟ್ಟು ನಿಂತು ಒಂದೂವರೆ ವರ್ಷ. “ನಾಲ್ಕು ತಿಂಗಳಿಂದ ಅರ್ಧ ಅನ್ನ ಉಣ್ಣುತ್ತಿದ್ದೇನೆ ಮೇಡಂ, ಆ ತೂಕದ ಯಂತ್ರ ಮಾತ್ರ ಕೆಳಗಿಳಿಯಲು ಒಪ್ಪುತ್ತಿಲ್ಲ” ಎಂದರು. ಜೊತೆಗೆ ಬಂದಿದ್ದ ಯಜಮಾನರು ಹೇಳಿದ್ದು ಬೇರೆ: “ನಮ್ಮ ಮನೆಯ ಹವಾಮಾನ ವರದಿ ಬೆಳಿಗ್ಗೆ ಬಚ್ಚಲಮನೆಯಿಂದಲೇ ಹೊರಡುತ್ತದೆ.”

ಅಂಕಿ ಏರಿದ ದಿನ ಶಾರದಾ ತಿಂಡಿ ಬಿಡುತ್ತಿದ್ದರು. ಹನ್ನೊಂದು ಗಂಟೆಗೆ ತಲೆನೋವು, ಮಕ್ಕಳ ಮೇಲೆ ರೇಗಾಟ, ಸಂಜೆ ನಾಲ್ಕಕ್ಕೆ ಬೇಕರಿಯ ಎರಡು ಪಫ್. ರಾತ್ರಿ ಮತ್ತೆ ಯಂತ್ರ ಹತ್ತಿ ಅಳು.

ಯಂತ್ರವನ್ನು ಅಟ್ಟಕ್ಕೆ ಹಾಕಿಬಿಡಿ ಎಂದೆ. ಅದು ನನ್ನ ಅವಸರದ ತಪ್ಪು. ಮುಂದಿನ ವಾರ ಅವರೇ ಒಪ್ಪಿಕೊಂಡರು: ಶಾಲೆಯಿಂದ ಬರುವ ದಾರಿಯಲ್ಲಿ ಔಷಧಿ ಅಂಗಡಿಯ ತೂಕದ ಯಂತ್ರ ಹತ್ತಿ ಬರುತ್ತಿದ್ದರಂತೆ, ಅದೂ ಚಪ್ಪಲಿ ಬಿಟ್ಟು, ಕೈಚೀಲ ಕೆಳಗಿಟ್ಟು.

ಹಾಗಾಗಿ ಲೆಕ್ಕದ ದಾರಿ ಹಿಡಿದೆ. ಗೌರಿ ಹಬ್ಬದ ಮರುದಿನ ಕ್ಯಾಲೆಂಡರಿನಲ್ಲಿ 1.3 ಕಿಲೋ ಏರಿತ್ತು. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಒಂದು ಹೋಳಿಗೆಗೆ 250 ಎಂದು ಹಿಡಿಯಿರಿ, ಇಷ್ಟು ಕೊಬ್ಬಾಗಲು ಎಷ್ಟು ಹೋಳಿಗೆ ಬೇಕು ಎಂದೆ. ಅವರು ಕ್ಯಾಲೆಂಡರಿನ ಅಂಚಿನಲ್ಲೇ ಗುಣಿಸಿ ಭಾಗಿಸಿದರು. “ನಲವತ್ತು. ಅದೂ ದಿನದ ಊಟದ ಮೇಲೆ.” ನೀವು ತಿಂದದ್ದು? “ಎರಡೂವರೆ.” ಆ ದಿನ ಅವರು ಮೊದಲ ಬಾರಿ ನಕ್ಕರು. ಉಳಿದದ್ದೆಲ್ಲ ಹೆಚ್ಚಾಗಿ ನೀರು. ಉಪ್ಪು ನೀರನ್ನು ಹಿಡಿದಿಡುತ್ತದೆ. ಅನ್ನ, ಬೆಲ್ಲ ದೇಹದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಾಗಿ ಕೂಡಿಡಲ್ಪಡುವಾಗ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನೂ ಎಳೆದುಕೊಳ್ಳುತ್ತವೆ.

ನಿಜವಾದ ಪ್ರಶ್ನೆ ಕೇಳಲು ಮೂರನೆಯ ಭೇಟಿಯವರೆಗೆ ಕಾದೆ: ನಿಮಗೆ ಯಾವುದರ ಭಯ? ಬಹಳ ಹೊತ್ತು ಸುಮ್ಮನಿದ್ದರು. ಅವರ ತಾಯಿಗೆ ಸಕ್ಕರೆ ಕಾಯಿಲೆ ಗೊತ್ತಾದದ್ದು 52ರಲ್ಲಿ. ಕೊನೆಯ ವರ್ಷಗಳಲ್ಲಿ ಕಾಲಿನ ಎರಡು ಬೆರಳು ತೆಗೆದಿದ್ದರು. ಆ ಕಾಲಿನ ಗಾಯವನ್ನು ದಿನವೂ ತೊಳೆದು ಬಟ್ಟೆ ಕಟ್ಟಿದವರು ಈ ಮಗಳೇ.

ಹಾಗಿದ್ದರೆ ಅಳೆಯಬೇಕಾದದ್ದು ಬೇರೆಯೇ ಇತ್ತು. ವೈದ್ಯರ ಬಳಿ ಕಳುಹಿಸಿದೆ. ಥೈರಾಯ್ಡ್ ಸರಿಯಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 6.1 ಇತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು. ಸೊಂಟದ ಸುತ್ತಳತೆ 93 ಸೆಂಟಿಮೀಟರ್. ಭಾರತೀಯ ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಎಚ್ಚರ ಎನ್ನುತ್ತಾರೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನು ಇಳಿದು, ತೊಡೆ ನಿತಂಬಗಳಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಬಂದು ಸೇರುತ್ತದೆ. ಅದೇ ವಯಸ್ಸಿನಲ್ಲಿ ಸ್ನಾಯುವೂ ಸವೆಯುತ್ತಿರುತ್ತದೆ. ವ್ಯಾಯಾಮವಿಲ್ಲದೆ ಬರೀ ಊಟ ಕಡಿಮೆ ಮಾಡಿದರೆ ಸ್ನಾಯು ಇನ್ನಷ್ಟು ಕರಗುತ್ತದೆ, ಯಂತ್ರ ಅದನ್ನೂ ಶಭಾಷ್ ಎನ್ನುವಂತೆ ತೋರಿಸುತ್ತದೆ. ನನಗೆ ಆ ಯಂತ್ರದ ಮೇಲೆ ಸಿಟ್ಟಿರುವುದು ಇದಕ್ಕೇ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ತಿಂಡಿ. ಅಂಕಿ ಏನೇ ಇರಲಿ ತಿಂಡಿ ಬಿಡುವಂತಿಲ್ಲ, ಅದರಲ್ಲಿ ಮೊಳಕೆ ಕಾಳಿನ ಉಸಲಿಯೋ ಮೊಸರೋ ಮೊಟ್ಟೆಯೋ ಇರಬೇಕು. ನಡಿಗೆ ವಾರಕ್ಕೆ 150 ನಿಮಿಷ, ಎರಡು ದಿನ ಸ್ನಾಯುವಿಗೆ ಕೆಲಸ ಕೊಡುವ ವ್ಯಾಯಾಮ. ಮಂಡಿ ನೋವಿದ್ದುದರಿಂದ ಫಿಸಿಯೋಥೆರಪಿಸ್ಟ್ ಕೇಳಿಕೊಂಡು. ತೂಕ ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಮಾತ್ರ. ನಾಲ್ಕು ವಾರದ ಸರಾಸರಿ ತೆಗೆಯದೆ ಅದರ ಬಗ್ಗೆ ಮಾತಿಲ್ಲ. ಟೇಪು ಹದಿನೈದು ದಿನಕ್ಕೊಮ್ಮೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟು. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನಾವೇ.

ಉಳಿದ ಅಳತೆಗಳನ್ನು ಅವರೇ ಹುಡುಕಿದರು. ಒಂದು ಮೆರೂನ್ ರವಿಕೆ: ಹುಕ್ ಹಾಕಲು ಹೋದರೆ ಎರಡು ಬೆರಳು ಅಂತರ ಉಳಿಯುತ್ತಿತ್ತು. ದರ್ಜಿ ಒಳಗೆ ಬಿಟ್ಟಿದ್ದ ಹೆಚ್ಚುವರಿ ಹೊಲಿಗೆಗಳನ್ನೆಲ್ಲ ಆಗಲೇ ಬಿಚ್ಚಿಯಾಗಿತ್ತು. ಇನ್ನೊಂದು ಶಾಲೆಯ ಎರಡನೆಯ ಮಹಡಿಯ ಮೆಟ್ಟಿಲು. ಹತ್ತಿದ ಕೂಡಲೇ ಹದಿಮೂರರ ಮಗ್ಗಿಯನ್ನು ಏದುಸಿರಿಲ್ಲದೆ ಎಷ್ಟರವರೆಗೆ ಹೇಳಬಹುದು? ಮೊದಲ ದಿನ ಹದಿಮೂರು ನಾಲ್ಕಲ ಐವತ್ತೆರಡಕ್ಕೆ ನಿಂತರು.

ದಾರಿ ನೇರವಾಗಿರಲಿಲ್ಲ. ದಸರಾ ರಜೆಯಲ್ಲಿ ಮನೆ ತುಂಬ ನೆಂಟರು, ನಡಿಗೆ ತಪ್ಪಿತು. ಒಂದು ಮುಂಜಾನೆ ಆರಕ್ಕೆ ಫೋನ್: “ಮೇಡಂ, 73.2.” ಭಾನುವಾರವೂ ಅಲ್ಲ. ತಿಂಡಿ ಏನು ಮಾಡುತ್ತೀರಿ ಎಂದಷ್ಟೇ ಕೇಳಿದೆ. ಸ್ವಲ್ಪ ತಡೆದು, “ಪೆಸರಟ್ಟು” ಎಂದರು. ತಿನ್ನಿ ಎಂದೆ.

(ಊಟ ಬಿಡುವುದು ವಿಪರೀತಕ್ಕೆ ಹೋಗಿದ್ದರೆ, ತಿಂದು ವಾಂತಿ ಮಾಡುವ ಅಭ್ಯಾಸವಿದ್ದರೆ, ನಾನು ಇವರನ್ನು ಮನೋವೈದ್ಯರಿಗೆ ಒಪ್ಪಿಸುತ್ತಿದ್ದೆ. ಪ್ರಯತ್ನಿಸದೆಯೇ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ವೈದ್ಯರನ್ನು ನೋಡಬೇಕು.)

ಐದು ತಿಂಗಳಿಗೆ ತೂಕದ ಸರಾಸರಿ ಇಳಿದದ್ದು 1.6 ಕಿಲೋ. ಹಿಂದಿನ ಶಾರದಾ ಆಗಿದ್ದರೆ ಕ್ಯಾಲೆಂಡರನ್ನು ಹರಿಯುತ್ತಿದ್ದರು. ಆದರೆ ಸೊಂಟ 88ಕ್ಕೆ, ಎಚ್‌ಬಿಎ1ಸಿ 5.8ಕ್ಕೆ ಬಂದಿತ್ತು, ಮಗ್ಗಿ ಹದಿಮೂರು ಹತ್ತಲ ನೂರಮೂವತ್ತಕ್ಕೆ ಮುಟ್ಟಿತ್ತು. ರವಿಕೆಯ ಕೆಳಗಿನ ಎರಡು ಹುಕ್ ಬೀಳುತ್ತವೆ, ಮೇಲಿನದು ಇನ್ನೂ ಇಲ್ಲ. ತಾಯಿಯ ಕಾಲಿನ ಕನಸು ಆಗೀಗ ಬೀಳುತ್ತದೆಯಂತೆ. ಅದಕ್ಕಾಗಿ ಇನ್ನೂ ಬರುತ್ತಿದ್ದಾರೆ.

ಯಂತ್ರ ಈಗ ಅಟ್ಟದಲ್ಲಿಲ್ಲ, ಬಚ್ಚಲಮನೆಯಲ್ಲೂ ಇಲ್ಲ, ಬಾಗಿಲ ಹಿಂದೆ ಇದೆ. ಹಳೆಯ ಪೇಪರ್ ಕೊಳ್ಳುವವನು ಬಂದಾಗ ಯಜಮಾನರು ಕಟ್ಟನ್ನು ಅದರ ಮೇಲಿಟ್ಟು ಅವನ ತಕ್ಕಡಿಯನ್ನು ಪರೀಕ್ಷಿಸುತ್ತಾರಂತೆ. ಹೋದ ತಿಂಗಳು ಮುಕ್ಕಾಲು ಕಿಲೋ ವ್ಯತ್ಯಾಸ ಬಂದು ದೊಡ್ಡ ಜಗಳವೇ ಆಯಿತು ಎಂದರು ಶಾರದಾ.