ಜಗಳ ಬಿಡಿಸೋಕೂ ಪಿಎಚ್‌ಡಿ ಬೇಕಾ?

ಪ್ರಶ್ನೆ: ಮೇಡಂ, ನನ್ನ ಮಗ ಎಂಎಸ್‌ಡಬ್ಲ್ಯೂ ಮುಗಿಸಿದ್ದಾನೆ. ಈಗ ಮಧ್ಯಸ್ಥಿಕೆ ಬಗ್ಗೆ ಪಿಎಚ್‌ಡಿ ಮಾಡ್ತೀನಿ ಅಂತ ಹಠ ಹಿಡಿದಿದ್ದಾನೆ. ಲಾ ಓದಿದವನಲ್ಲ. ನಮ್ಮೂರ ಅರಳಿಕಟ್ಟೆಯಲ್ಲಿ ಹಿರಿಯರು ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಇಷ್ಟು ಓದು ಬೇಕಾ? ಹೊಟ್ಟೆಪಾಡಿಗೆ ದಾರಿ ಇದೆಯಾ?
- ಕಬ್ಬು ಬೆಳೆಗಾರ, ಮಂಡ್ಯ

ಉತ್ತರ: ಅರಳಿಕಟ್ಟೆಯ ಹಿರಿಯರು ಎರಡೂ ಕಡೆ ಕೇಳಿ ತೀರ್ಪು ಹೇಳುತ್ತಾರೆ. ಎರಡೂ ಕಡೆಯವರೇ ರಾಜಿಗೆ ಬರುವಂತೆ ಮಾತಾಡಿಸುವ ನಮ್ಮಂಥ ಮಧ್ಯಸ್ಥಿಕೆಯವರಿಗೆ ಆ ಅಧಿಕಾರ ಇಲ್ಲ. ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ನನ್ನ ಮೊದಲ ಕೇಸು ಅಣ್ಣತಮ್ಮಂದಿರ ಪಾಲಿನದು, ಮಧ್ಯೆ ಒಂದು ಬೋರ್‌ವೆಲ್. ಅರ್ಧ ಗಂಟೆಯಲ್ಲೇ "ದಿನ ಬಿಟ್ಟು ದಿನ ನೀರು ಹಾಯಿಸಿಕೊಳ್ಳಿ" ಅಂದುಬಿಟ್ಟೆ. ಅಲ್ಲಿಯವರೆಗೆ ಮುಖ ನೋಡದ ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು! ಅವರ ಸಿಟ್ಟು ನೀರಿಗಲ್ಲ, ಅಪ್ಪನ ಆಸ್ಪತ್ರೆ ಬಿಲ್ಲಿಗೆ. ಅದು ಬಾಯಿಗೆ ಬರಲು ಇನ್ನೂ ಮೂರು ಸಲ ಕೂರಬೇಕಾಯಿತು.

ಇಂಥ ಜಗಳ ಊರೂರಿಗೆ, ರಾಜ್ಯಕ್ಕೆ ಹಬ್ಬಿದರೆ? ಮಂಡ್ಯದವರಿಗೆ ಕಾವೇರಿ ಬಗ್ಗೆ ನಾನೇನು ಹೇಳಲಿ! 2002ರ ಗಲಾಟೆ ಆದ ಮರುವರ್ಷವೇ ಎರಡೂ ರಾಜ್ಯದ ರೈತರು ಚೆನ್ನೈನಲ್ಲಿ ಒಟ್ಟಿಗೆ ಕೂತಿದ್ದರು. ಕೂರಿಸಿದ್ದು ಅಲ್ಲಿನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆ. ಅದರ ಹಿಂದೆ ಓಡಾಡಿದ ಪ್ರಾಧ್ಯಾಪಕ ಎಸ್. ಜನಕರಾಜನ್ ಅರ್ಥಶಾಸ್ತ್ರದವರು, ವಕೀಲರಲ್ಲ. ಆ ಗುಂಪಿಗೆ 'ಕಾವೇರಿ ಕುಟುಂಬ' ಅಂತ ಹೆಸರಾಯಿತು. ಇವರು ಅವರ ಗದ್ದೆಗೆ ಹೋದರು, ಅವರು ಇವರ ಗದ್ದೆಗೆ ಬಂದರು. ಕೊನೆಗೆ 2018ರಲ್ಲಿ ನೀರು ಹಂಚಿದ್ದು ಸುಪ್ರೀಂ ಕೋರ್ಟೇ, ನಿಜ. ಗದ್ದೆ ನೋಡಿ ಬಂದ ಮೇಲೂ ರಾಜಿ ಯಾಕೆ ಆಗಲಿಲ್ಲ? ನಿಮ್ಮ ಮಗನಿಗೆ ಇದೇ ಒಂದು ಒಳ್ಳೆ ವಿಷಯ, ಅಲ್ವಾ?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲಾರೆನ್ಸ್ ಸಸ್ಕಿಂಡ್ ಕೂಡ ಓದಿದ್ದು ನಗರ ಯೋಜನೆ. 1971ರಿಂದ ಅಲ್ಲಿ ಪಾಠ ಹೇಳುತ್ತಲೇ ಇಂಥ ವ್ಯಾಜ್ಯಗಳನ್ನು ಬಿಡಿಸಲು ಕೈ ಹಾಕಿದರು. 1993ರಲ್ಲಿ ಅದಕ್ಕೆಂದೇ ಸಂಸ್ಥೆ ಕಟ್ಟಿದರು. ಆದರೆ ಮೇಷ್ಟ್ರ ಕೆಲಸ ಬಿಡಲಿಲ್ಲ.

ಹೊಟ್ಟೆಪಾಡಿಗೆ ನಾನು ಹೇಳುವುದೂ ಅದೇ. ಕೈಯಲ್ಲಿ ಪಾಠದ ಕೆಲಸ ಇರಲಿ. ನಮ್ಮ ಕೋರ್ಟುಗಳ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ವಕೀಲರೇ ಜಾಸ್ತಿ. ಆದರೆ 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಊರು, ಬಡಾವಣೆಯ ಜಗಳಗಳಿಗೆ ಮೂವರು ಮಧ್ಯಸ್ಥಿಕೆದಾರರ ಸಮಿತಿ ಅಂತಿದೆ. ಅದಕ್ಕೆ ಲಾ ಡಿಗ್ರಿ ಬೇಕೆಂದಿಲ್ಲ.

ಅರ್ಜಿ ಹಾಕುವ ಮುಂಚೆ ಅವನು ನಿಮ್ಮ ನಾಲೆಯ ನೀರು ಬಳಕೆದಾರರ ಸಂಘದ ನಾಲ್ಕು ಸಭೆಗಳಲ್ಲಿ ಸುಮ್ನೆ ಕೂರಲಿ. ನಾಲೆಯ ಕೊನೆಗೆ ಗದ್ದೆ ಇರುವವರು ಏನಂತಾರೆ ಅಂತ ಬರೆದುಕೊಳ್ಳಲಿ. ಪರಿಹಾರ ಮಾತ್ರ ಹೇಳಬಾರದು. ನಾಲ್ಕೂ ಸಭೆ ಬಾಯಿ ಬಿಡದೆ ಕೂತು ಬಂದರೆ ನೀವೇ ಫೀಸು ಕಟ್ಟಿ.