ಬ್ಯಾಟರಿ ಲ್ಯಾಬಿಗೆ ಬರುವ ಮುನ್ನ

ಪ್ರಶ್ನೆ: ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಬ್ಯಾಟರಿ, ಹೈಡ್ರೋಜನ್ ಮೇಲೆ ಸಂಶೋಧನೆ ಮಾಡಿ ಪ್ರೊಫೆಸರ್ ಆಗುವ ಆಸೆ. ಅಪ್ಪ ‘ಬಿ.ಎಡ್ ಮಾಡು, ಬೇಗ ಕೆಲಸ ಸಿಗುತ್ತೆ’ ಅಂತಾರೆ. ಏನು ಮಾಡಲಿ, ಮೇಡಂ?
- ಓದುಗಿ, ದಾವಣಗೆರೆ

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ, ಅಪ್ಪನ ಚಿಂತೆ ಅದೇ ಅಲ್ವಾ? ಎಂಎಸ್ಸಿ ಆದ ಮೇಲೆ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ 42,000. ಬಿಎಸ್ಸಿಯಿಂದ ನೇರವಾಗಿ ಬರಬೇಕಾದರೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಿರಿ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲೂ ಇಂಟಿಗ್ರೇಟೆಡ್ ಪಿಎಚ್‌.ಡಿ (ಎಂಎಸ್ಸಿ, ಪಿಎಚ್‌.ಡಿ ಎರಡೂ ಒಟ್ಟಿಗೆ) ಇದೆ. ತಮಿಳುನಾಡಿನ ಕಾರೈಕುಡಿಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿಗೆಂದೇ (ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗೂ ಇರುವ ನಂಟಿನ ಶಾಸ್ತ್ರ) ಸಿಇಸಿಆರ್‌ಐ ಎಂಬ ಸಂಸ್ಥೆ ಇದೆ. ಆದರೆ ಪಿಎಚ್‌.ಡಿಗೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌.ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ. ಪ್ರೊಫೆಸರ್ ಹುದ್ದೆಗಳೋ ಬೆರಳೆಣಿಕೆ. ಮನೆಗೆ ಬೇಗ ಸಂಬಳ ಬೇಕೇ ಬೇಕು ಅನ್ನುವ ಸ್ಥಿತಿ ಇದ್ದರೆ ಅಪ್ಪನ ಮಾತು ಕೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಇನ್ನು ಕೆಲಸ ಹೇಗಿರುತ್ತೆ ಅಂತ ಹೇಳಿಬಿಡ್ತೀನಿ. ಗ್ಲೋವ್ ಬಾಕ್ಸ್ ಮುಂದೆ ನಿಲ್ಲುತ್ತೀರಿ. ಅದು ಆರ್ಗಾನ್ ಅನಿಲ ತುಂಬಿದ, ಗ್ಲೌಸ್ ಜೋಡಿಸಿದ ಮುಚ್ಚಿದ ಪೆಟ್ಟಿಗೆ. ಒಳಗೆ ನೀರಿನ ಅಂಶ ಹತ್ತು ಲಕ್ಷಕ್ಕೆ ಒಂದು ಪಾಲೂ ಇರಬಾರದು. ಮೊಣಕೈ ದಾಟುವ ದಪ್ಪ ರಬ್ಬರ್ ಗ್ಲೌಸಿನೊಳಗೆ ಕೈ ಬೆವರುತ್ತದೆ ಅಂತ ನಮ್ಮ ಹುಡುಗರು ಒಳಗೆ ಹತ್ತಿಯ ಗ್ಲೌಸ್ ಹಾಕಿಕೊಳ್ಳುತ್ತಾರೆ. ಅದೇ ಕೈಯಲ್ಲಿ 20 ಮಿಲಿಮೀಟರ್ ಅಗಲದ ಕಾಯಿನ್ ಸೆಲ್ (ನಾಣ್ಯದಂಥ ಪುಟ್ಟ ಬ್ಯಾಟರಿ) ಕಟ್ಟಬೇಕು: ಲಿಥಿಯಂ ಬಿಲ್ಲೆ, ಎರಡು ಬದಿ ತಾಗದಂತೆ ತಡೆಯುವ ಸೆಪರೇಟರ್ ಹಾಳೆ, ಎಲೆಕ್ಟ್ರೋಲೈಟ್ ದ್ರವದ ಹನಿ, ಸ್ಪೇಸರ್, ಸ್ಪ್ರಿಂಗ್. ಕ್ರಿಂಪ್ ಆದ (ಒತ್ತಿ ಮುಚ್ಚಿದ) ಸೆಲ್ಲನ್ನು ಲೋಹದ ಚಿಮುಟದಲ್ಲಿ ಎತ್ತಿದರೆ ಅಲ್ಲೇ ಶಾರ್ಟ್. ಪ್ಲಾಸ್ಟಿಕ್ ಚಿಮುಟವನ್ನೇ ಬಳಸಬೇಕು.

ಆಮೇಲೆ ಕಾಯುವ ಕೆಲಸ. ಹತ್ತು ಗಂಟೆ ಚಾರ್ಜ್, ಹತ್ತು ಗಂಟೆ ಡಿಸ್ಚಾರ್ಜ್ ಸೇರಿ ಒಂದು ಸೈಕಲ್ ಅಂತ ಇಟ್ಟರೆ ನೂರು ಸೈಕಲ್‌ಗೆ ಹೆಚ್ಚುಕಡಿಮೆ ಮೂರು ತಿಂಗಳು. ಅದಕ್ಕೇ ಹೇಳೋದು, ಲ್ಯಾಬ್ ಆರಿಸುವಾಗ ಗೈಡ್ ಎಷ್ಟು ಪೇಪರ್ ಬರೆದಿದ್ದಾರೆ ಅಂತಷ್ಟೇ ನೋಡಬೇಡಿ. ಸೈಕ್ಲರ್‌ನಲ್ಲಿ (ಸೆಲ್ಲನ್ನು ಚಾರ್ಜ್-ಡಿಸ್ಚಾರ್ಜ್ ಮಾಡುವ ಯಂತ್ರ) ಎಷ್ಟು ಚಾನೆಲ್, ಅಂದರೆ ಸೆಲ್ ಜೋಡಿಸುವ ಜಾಗ, ಇವೆ, ಎಷ್ಟು ಜನ ಹಂಚಿಕೊಳ್ಳುತ್ತಾರೆ, ಯುಪಿಎಸ್ ಇದೆಯಾ, ಕೆಟ್ಟ ಯಂತ್ರ ರಿಪೇರಿ ಆಗೋಕೆ ಎಷ್ಟು ದಿನ ಬೇಕು, ಇವನ್ನು ಸೀನಿಯರ್ ವಿದ್ಯಾರ್ಥಿಗಳನ್ನು ಕೇಳಿ. ಗೈಡ್ ಎದುರಿಗಲ್ಲ, ಕ್ಯಾಂಟೀನಿನಲ್ಲಿ.

ಇನ್ನೊಂದು ವಿಷಯ. ‘ಶೇ. 99 ಎಫಿಶಿಯೆನ್ಸಿ ಬಂತು ಮೇಡಂ’ ಅಂತ ವಿದ್ಯಾರ್ಥಿಗಳು ಹಿಗ್ಗಿಕೊಂಡು ಬರುತ್ತಾರೆ. ಅಂದರೆ ಚಾರ್ಜ್ ಮಾಡಿದ್ದರಲ್ಲಿ ಶೇ. 99 ಡಿಸ್ಚಾರ್ಜ್‌ನಲ್ಲಿ ವಾಪಸ್ ಬಂತು ಅಂತ. ಪ್ರತಿ ಸೈಕಲ್‌ಗೆ ಲಿಥಿಯಂ ಶೇ. 1ರಷ್ಟು ಕಳೆದರೆ ನೂರು ಸೈಕಲ್ ಆದ ಮೇಲೆ ಉಳಿಯುವುದು ಬರೀ ಶೇ. 37. ಕಾಯಿನ್ ಸೆಲ್ಲಿನ ಬಿಲ್ಲೆಯಲ್ಲಿ ಲಿಥಿಯಂ ಬೇಕಾದ್ದಕ್ಕಿಂತ ಜಾಸ್ತಿ ಇರುವುದರಿಂದ ಈ ನಷ್ಟ ಕಾಣುವುದೇ ಇಲ್ಲ. ಗಾಡಿಗೆ ಹಾಕುವ ಬ್ಯಾಟರಿಯಲ್ಲಿ ಕಂಡೇ ಕಾಣುತ್ತೆ. ಇಂಥ ಲೆಕ್ಕ ಮಾಡಿ ನೋಡುವ ಅಭ್ಯಾಸ ಈಗಿನಿಂದಲೇ ಬರಲಿ.

ಪ್ರಶ್ನೆ: ಬ್ಯಾಟರಿಯೋ ಹೈಡ್ರೋಜನ್ನೋ? ಮುಂದೆ ಯಾವುದಕ್ಕೆ ಬೆಲೆ?
- ಓದುಗ, ಗದಗ

ಉತ್ತರ: ಒಂದು ಕಿಲೋ ಹೈಡ್ರೋಜನ್‌ನಲ್ಲಿ ಸುಮಾರು 33 ಯೂನಿಟ್ ಶಕ್ತಿ ಇದೆ. ನೀರಿನಿಂದ ಅದನ್ನು ತೆಗೆಯಲು 50ಕ್ಕಿಂತ ಜಾಸ್ತಿ ಯೂನಿಟ್ ಕರೆಂಟ್ ಬೇಕು. ಹಾಗಾಗಿ ಸ್ಕೂಟರಿಗೆ ಬ್ಯಾಟರಿಯೇ ಸರಿ. ಗೊಬ್ಬರದ ಕಾರ್ಖಾನೆಗಳಿಗೆ ಹೈಡ್ರೋಜನ್ ಬೇಕೇ ಬೇಕು, ಉಕ್ಕಿನ ಕಾರ್ಖಾನೆಗಳಲ್ಲೂ ಕಲ್ಲಿದ್ದಲಿನ ಬದಲು ಅದನ್ನು ಬಳಸಬಹುದು. ಕೇಂದ್ರ ಸರ್ಕಾರ 2023ರಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ (ಸೌರ, ಗಾಳಿಯಂಥ ವಿದ್ಯುತ್ತಿನಿಂದ ತೆಗೆದದ್ದು) ಮಿಷನ್ ಒಪ್ಪಿದ್ದೂ ಇದಕ್ಕೇ. ನೀವು ಎಲೆಕ್ಟ್ರೋಕೆಮಿಸ್ಟ್ರಿ ಗಟ್ಟಿ ಮಾಡಿಕೊಳ್ಳಿ, ಎರಡು ಕಡೆಗೂ ಸಲ್ಲುತ್ತೀರಿ.